ಪುರಾವೆಯ ಹೊಣೆ ಯಾರದು?

ದೇವರು ಇದ್ದಾನೆಂದು ತೋರಿಸಬೇಕಾದವರು ಯಾರು, ಇಲ್ಲವೆಂದು ತೋರಿಸಬೇಕಾದವರು ಯಾರು? ಈ ಜಗಳ ಎದ್ದಾಗಲೆಲ್ಲ ನನಗೆ ಡಾ. ಎಚ್. ನರಸಿಂಹಯ್ಯನವರು, ಎಲ್ಲರ ‘ಎಚ್ಚೆನ್’, ನೆನಪಾಗುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡತನದಲ್ಲಿ ಹುಟ್ಟಿ, ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಒಂದು ಸಮಿತಿ ರಚಿಸಿದರು. ಪವಾಡಗಳನ್ನೂ, ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡುವುದು ಅದರ ಕೆಲಸ.

‘ಪರೀಕ್ಷಿಸಬಹುದಾದ’ ಎಂಬ ಮಾತು ಆ ಸಮಿತಿಯ ಹೆಸರಲ್ಲೇ ಇತ್ತು. ದೇವರನ್ನು ಪ್ರಯೋಗಶಾಲೆಗೆ ಎಳೆದು ತರಲು ಎಚ್ಚೆನ್ ಹೊರಟಿರಲಿಲ್ಲ. ಬರಿಗೈಯಿಂದ ವಿಭೂತಿ ಬರುತ್ತದೆ, ಉಂಗುರ ಬರುತ್ತದೆ ಎಂದರೆ ಅದು ಕಣ್ಣೆದುರಿಗೆ ನಡೆಯುವ ಸಂಗತಿ. ನೋಡೋಣ ಬನ್ನಿ ಎಂದರು, ಅಷ್ಟೇ. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಒಬ್ಬ ಪುಟ್ಟ ಹುಡುಗನ ಮನೆಗೆ ಸಮಿತಿಯವರು ಹೋದಾಗ, ವಿಭೂತಿ ಸಿಕ್ಕಿದ್ದು ಅವನ ಬಟ್ಟೆಯೊಳಗೆ. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡವರು ಸುತ್ತ ಕೈಮುಗಿದು ನಿಂತಿದ್ದರಲ್ಲ, ಅದು ನೋವು. ಇಂಥದ್ದೇ ಪವಾಡಗಳಿಗೆ ಹೆಸರಾಗಿದ್ದ ಸತ್ಯಸಾಯಿ ಬಾಬಾ ಅವರಿಗೂ, ಪರೀಕ್ಷೆಗೆ ಒಪ್ಪಿ ಎಂದು, ಎಚ್ಚೆನ್ ಮೂರು ಪತ್ರ ಬರೆದರು. ಪರೀಕ್ಷೆ ನಡೆಯಲೇ ಇಲ್ಲ.

ಪುರಾವೆ ಕೇಳುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವವರಿದ್ದಾರೆ. ಹಾಗಾದರೆ ತಾರ್ಕಿಕ ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ ಬರೆದದ್ದೇಕೆ? ಈಶ್ವರನಿದ್ದಾನೆ ಎಂದವನು ತಾನು, ಕಾರಣ ಕೊಡಬೇಕಾದವನೂ ತಾನೇ ಎಂದು ತಿಳಿದೇ ತರ್ಕಕ್ಕೆ ಕೂತ. ವೇದವನ್ನೇ ಪ್ರಮಾಣವೆಂದ ಕುಮಾರಿಲ ಭಟ್ಟನೋ, ಜಗತ್ತಿಗೊಬ್ಬ ಕರ್ತೃ ಬೇಕೆಂಬ ವಾದವನ್ನೇ ಒಪ್ಪಲಿಲ್ಲ.

ಹಾಗೆಂದು ನಂಬುವವರೆಲ್ಲ ಪುರಾವೆ ಕೊಡಬೇಕೆಂದಲ್ಲ. ನನ್ನ ಅಮ್ಮ ಮುಸ್ಸಂಜೆ ದೀಪ ಹಚ್ಚಿ, ಸೆರಗು ಹೊದ್ದು, ಎರಡು ನಿಮಿಷ ಕಣ್ಣುಮುಚ್ಚಿ ನಿಲ್ಲುತ್ತಿದ್ದಳು. ಅವಳನ್ನು ಪುರಾವೆ ಕೇಳುವ ಹಕ್ಕು ಯಾರಿಗೂ ಇಲ್ಲ. ಅವಳು ಯಾರನ್ನೂ ಒಪ್ಪಿಸಲು ಹೊರಟವಳಲ್ಲ. ನಂಬಿಕೆ ಹೊಸಿಲು ದಾಟಿ ಇನ್ನೊಬ್ಬರ ಮೈಗೆ, ಜೇಬಿಗೆ ಕೈಹಾಕಿದಾಗ ಲೆಕ್ಕ ಬೇರೆ.

ನಮ್ಮ ಬಂಧುವೊಬ್ಬರಿಗೆ ಸಕ್ಕರೆ ಕಾಯಿಲೆ. ತೀರ್ಥ ಕೊಡುವವನೊಬ್ಬ ಮಾತ್ರೆ ನಿಲ್ಲಿಸಿ ಎಂದ, ನಿಲ್ಲಿಸಿದರು. ಕಾಲಿನ ಹುಣ್ಣು ಮಾಯಲಿಲ್ಲ. ಕೊನೆಗೆ ಹೆಬ್ಬೆರಳು ತೆಗೆಯಬೇಕಾಯಿತು. ಆಪರೇಷನ್ನಿನ ಹಿಂದಿನ ದಿನ ಡಾಕ್ಟರನ್ನು ಕೂರಿಸಿಕೊಂಡು ನಾವು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ: ಬೇಕೇ ಬೇಕಾ, ಗ್ಯಾರಂಟಿ ಏನು, ರಿಪೋರ್ಟ್ ತೋರಿಸಿ. ತೀರ್ಥದವನನ್ನು ನಮ್ಮಲ್ಲಿ ಒಬ್ಬರೂ ಒಂದು ಮಾತು ಕೇಳಿರಲಿಲ್ಲ.