ಕುದುರೆಮುಖ: ಪ್ರವಾಸಿಗೆ ಚಾರಣ, ಮಲೆಕುಡಿಯರಿಗೆ ನಿರ್ಬಂಧ

ಮೂಡಬಿದಿರೆಯ ಸಾವಿರ ಕಂಬದ ಬಸದಿಯ ತಳಪಾಯದ ಕಲ್ಲಿನಲ್ಲಿ ಜಿರಾಫೆಯೊಂದರ ಉಬ್ಬುಶಿಲ್ಪವಿದೆ. 1430ರಲ್ಲಿ ನಿರ್ಮಾಣಗೊಂಡ ಬಸದಿಗೆ ಆಫ್ರಿಕಾದ ಈ ಪ್ರಾಣಿ ಬಂದದ್ದು ಹೇಗೆ? ಕರಾವಳಿಯ ಕಡಲ ವ್ಯಾಪಾರದ ಮೂಲಕ ಎಂಬುದು ವಾಡಿಕೆಯ ಉತ್ತರ. ಅದೇ ಆಫ್ರಿಕಾದಿಂದ ಇಂದು ತರಿಸಿಕೊಳ್ಳಬೇಕಾದದ್ದು ಪ್ರಾಣಿಯ ಚಿತ್ರವನ್ನಲ್ಲ, ವನ್ಯಧಾಮವನ್ನು ನಡೆಸುವ ಒಂದು ಪದ್ಧತಿಯನ್ನು. ಅದರ ಅಗತ್ಯ ಹೆಚ್ಚಾಗಿ ಕಾಣುವುದು ಪಕ್ಕದ ಬೆಳ್ತಂಗಡಿ ತಾಲೂಕಿನಲ್ಲಿ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. 1987ರಲ್ಲಿ ಘೋಷಣೆಯಾದ ಇದರ ಪಶ್ಚಿಮದ ಇಳಿಜಾರು ಬೆಳ್ತಂಗಡಿಯ ನಾರಾವಿ, ಕುತ್ಲೂರು, ಸವಣಾಲು, ಮಲವಂತಿಗೆಗಳ ಕಡೆಗೆ ಹರಡಿದೆ. ಸುಪ್ರೀಂ ಕೋರ್ಟ್ 2002ರಲ್ಲಿ ನೀಡಿದ ತೀರ್ಪಿನಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಕುದುರೆಮುಖವೂ ಅವುಗಳಲ್ಲಿ ಒಂದಾಯಿತು. ಸಿಂಗಳೀಕದ ನೆಲೆಯಾದ ಈ ಶೋಲಾ ಕಾಡಿನಲ್ಲಿ ಹುಟ್ಟುವ ನೇತ್ರಾವತಿ ಬಂಟ್ವಾಳವನ್ನು ಹಾದು ಹೋಗುತ್ತದೆ. ತುಂಬೆಯ ಕಿಂಡಿ ಅಣೆಕಟ್ಟಿನಿಂದ ಮಂಗಳೂರಿಗೆ ಕುಡಿಯುವ ನೀರು ಹೋಗುವುದು ಇದೇ ಹೊಳೆಯಿಂದ. ಆದ್ದರಿಂದ ಕಾಡು ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ವಿವಾದ ಇರುವುದು ಅದನ್ನು ಯಾರನ್ನು ಹೊರಗಿಟ್ಟು ಉಳಿಸಬೇಕು ಎಂಬುದರಲ್ಲಿ.

ಉದ್ಯಾನದ ಗಡಿ ಗುರುತಿಸುವ ಎಷ್ಟೋ ಮೊದಲೇ ಮಲೆಕುಡಿಯರು ಇಲ್ಲಿದ್ದರು. ಘೋಷಣೆಯ ನಂತರ ಕಾಡುತ್ಪತ್ತಿ ಸಂಗ್ರಹಕ್ಕೆ ಕಾನೂನಿನ ತಡೆ ಬಿತ್ತು. ರಸ್ತೆ, ಸೇತುವೆ, ವಿದ್ಯುತ್ತಿಗಾಗಿ ಅರ್ಜಿ ಹಿಡಿದು ಅಲೆಯುವುದೇ ಬದುಕಾಯಿತು. ಪುನರ್ವಸತಿ ಪ್ಯಾಕೇಜ್ ಪಡೆದು ಕೆಲವು ಕುಟುಂಬಗಳು ಹೊರಬಂದವು. ಉಳಿದವರು ಒಳಗೇ ಇದ್ದಾರೆ. ಈ ಅಸಮಾಧಾನವನ್ನೇ ನೆಲೆ ಮಾಡಿಕೊಂಡು ನಕ್ಸಲ್ ಚಳವಳಿ ಬೆಳೆದ ಕಥೆ ರಾಜ್ಯಕ್ಕೆಲ್ಲ ಗೊತ್ತಿದೆ.

ಚಿತ್ರ ಈಗ ಬದಲಾಗಿದೆ. ಒಂದು ಕಾಲಕ್ಕೆ ನಕ್ಸಲ್ ಪೀಡಿತ ಎಂಬ ಹಣೆಪಟ್ಟಿ ಹೊತ್ತಿದ್ದ ಕುತ್ಲೂರು, 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಿಂದ ಸಾಹಸ ಪ್ರವಾಸೋದ್ಯಮ ವಿಭಾಗದ ಅತ್ಯುತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ ಪಡೆಯಿತು. ಸಂತೋಷದ ಸಂಗತಿಯೇ. ಆದರೆ ಗಡಾಯಿಕಲ್ಲು ಏರುವವರಿಂದ ಅರಣ್ಯ ಇಲಾಖೆ ಶುಲ್ಕ ಪಡೆಯುತ್ತದೆ, ಚಾರಣದ ಟಿಕೆಟ್ ಆನ್‌ಲೈನ್‌ನಲ್ಲಿ ಮಾರಾಟವಾಗುತ್ತದೆ. ಬೆಂಗಳೂರಿನ ಚಾರಣಿಗ ಹಣ ಕೊಟ್ಟು ಹೋಗಬಹುದಾದ ಕಾಡಿನಲ್ಲಿ, ಅಲ್ಲೇ ಹುಟ್ಟಿದವರ ಹಕ್ಕೇನು, ಈ ಆದಾಯದಲ್ಲಿ ಅವರ ಪಾಲೆಷ್ಟು?

ದಕ್ಷಿಣ ಆಫ್ರಿಕಾ ಈ ಪ್ರಶ್ನೆಯನ್ನು ಎದುರಿಸಿದೆ. ಅಲ್ಲಿನ ಕ್ರೂಗರ್ ರಾಷ್ಟ್ರೀಯ ಉದ್ಯಾನ 1926ರಲ್ಲಿ ಸ್ಥಾಪನೆಯಾದದ್ದು. ವಿಸ್ತೀರ್ಣ ಹತ್ತಿರಹತ್ತಿರ 20,000 ಚದರ ಕಿಲೋಮೀಟರ್. ವರ್ಣಭೇದ ಸರ್ಕಾರವು 1969ರಲ್ಲಿ ಮಕುಲೇಕೆ ಸಮುದಾಯವನ್ನು ಒಕ್ಕಲೆಬ್ಬಿಸಿ ಅವರ ನೆಲವನ್ನು ಉದ್ಯಾನಕ್ಕೆ ಸೇರಿಸಿತು. ಪ್ರಜಾಪ್ರಭುತ್ವ ಬಂದ ಮೇಲೆ 1998ರಲ್ಲಿ ಸುಮಾರು 24,000 ಹೆಕ್ಟೇರ್ ಭೂಮಿಯ ಒಡೆತನ ಅವರಿಗೆ ಮರಳಿತು. ಅವರು ಅಲ್ಲಿಗೆ ಮರಳಿ ಊರು ಕಟ್ಟಲಿಲ್ಲ. ಕಾಡನ್ನು ಕಾಡಾಗಿಯೇ ಉಳಿಸಿ, ಉದ್ಯಾನದ ಆಡಳಿತದೊಂದಿಗೆ ಜಂಟಿ ನಿರ್ವಹಣೆಗೆ ಒಪ್ಪಿದರು. ಪ್ರವಾಸಿ ವಸತಿಗೃಹಗಳಿಂದ ಆದಾಯವನ್ನೂ ಉದ್ಯೋಗವನ್ನೂ ಪಡೆದರು. ಆನೆ, ಸಿಂಹ ನೋಡಲು ಅಲ್ಲಿಗೆ ಹೋಗುವ ನಮ್ಮ ಪ್ರವಾಸಿಗರ ಕಣ್ಣಿಗೆ ಬೀಳದ ಒಪ್ಪಂದವಿದು.

ಹೋಲಿಕೆಗೆ ಮಿತಿಯಿದೆ. ಮಕುಲೇಕೆಗಳು ಹೊರಗೆ ನೆಲೆಸಿದವರು, ಮಲೆಕುಡಿಯರು ಇನ್ನೂ ಒಳಗೆ ವಾಸವಿರುವವರು. ಕುದುರೆಮುಖ ಕಿರಿದು, ಮಳೆಕಾಡು ಸೂಕ್ಷ್ಮ; ವಸತಿಗೃಹಗಳ ಸಾಲು ಎದ್ದರೆ ಗಣಿ ಹೋದ ಜಾಗಕ್ಕೆ ರೆಸಾರ್ಟ್ ಬಂದಂತಾದೀತು. ಆದರೆ ಒಡೆತನವನ್ನು ಮಾನ್ಯ ಮಾಡಿದರೆ ಕಾಡು ನಾಶವಾಗುತ್ತದೆ ಎಂಬ ಇಲಾಖೆಗಳ ಹಳೆಯ ಭಯಕ್ಕೆ ಕ್ರೂಗರ್ ಉತ್ತರ ಕೊಟ್ಟಿದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಸಮುದಾಯ ಅರಣ್ಯದ ರಕ್ಷಣೆ ಮತ್ತು ನಿರ್ವಹಣೆಯ ಹಕ್ಕು ನೀಡುತ್ತದೆ. ರಾಷ್ಟ್ರೀಯ ಉದ್ಯಾನಗಳು ಇದಕ್ಕೆ ಹೊರತಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲೇ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯ ಹಕ್ಕುಪತ್ರ ಪಡೆದರು. ಚಾಮರಾಜನಗರದಲ್ಲಿ ಸಾಧ್ಯವಾದದ್ದು ಬೆಳ್ತಂಗಡಿಗೆ ಅಸಾಧ್ಯವೆನ್ನಲು ಕಾನೂನಿನಲ್ಲಿ ಕಾರಣವಿಲ್ಲ. ಪ್ರಶಸ್ತಿ ಬಂದ ಊರಿನ ಗ್ರಾಮಸಭೆಗೆ ಚಾರಣದ ದಾರಿ, ಜನಸಂಖ್ಯೆಯ ಮಿತಿ ಮತ್ತು ಶುಲ್ಕದ ಹಂಚಿಕೆಯ ಬಗ್ಗೆ ಮಾತಾಡುವ ಅಧಿಕಾರ ಕೊಡುವುದು ಮೊದಲ ಹೆಜ್ಜೆಯಾಗಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ.