ಸಾಹೇಬರು ಬರುವ ದಿನದ ಹೋಳಿಗೆ

ತಪಾಸಣೆಯೆಂದರೆ ಏನೆಂದು ಗಿರಣಿಯ ಕೆಲಸಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಹೇಬರು ಬರುವ ಸುದ್ದಿ ಹಿಂದಿನ ದಿನವೇ ಬರುತ್ತದೆ. ನೆಲ ಗುಡಿಸುತ್ತಾರೆ, ಯಂತ್ರಕ್ಕೆ ಜಾಳಿಗೆ ಹಾಕುತ್ತಾರೆ, ನೀರಿನ ಹಂಡೆ ತೊಳೆಯುತ್ತಾರೆ. ಸಾಹೇಬರು ಚಹಾ ಕುಡಿದು ಸಹಿ ಹಾಕಿ ಹೋದರೆ ಮರುದಿನ ಜಾಳಿಗೆ ಮತ್ತೆ ಮೂಲೆಗೆ! ಆದರೂ ಕೆಲಸಗಾರನಿಗೆ ಬಾಯಿದೆ, ಸಂಘವಿದೆ. ಗೇಟಿನ ಮುಂದೆ ನಿಂತು ‘ಇದು ಸುಳ್ಳು’ ಎಂದು ಕೂಗಬಲ್ಲ. ಕೂಗಲಾರದವರಿರುವ ಮನೆಯಲ್ಲಿ ಇದೇ ನಾಟಕ ನಡೆದರೆ ಗತಿಯೇನು?

ಬುದ್ಧಿಮಾಂದ್ಯರೆಂದು ಲೋಕ ಕರೆಯುವವರನ್ನು ಇಟ್ಟುಕೊಂಡಿರುವ ಒಂದು ಸಣ್ಣ ವಸತಿಗೃಹಕ್ಕೆ ತಪಾಸಣೆಯ ದಿನವೇ ನಾನು ಹೋಗಿದ್ದೆ. ಔರಾದ ಕಡೆಯ ತಾಯಿಯೊಬ್ಬಳು ಒಂದು ದಿನದ ಕೂಲಿ ಬಿಟ್ಟು ಮಗನನ್ನು ನೋಡಲು ಹೊರಟಿದ್ದಳು. ಅವಳ ಜೊತೆಗೆ ಹೋದವನು ನಾನು. ಹಾಸಿಗೆಯ ಮೇಲೆ ಹೊಸ ಚಾದರ. ಅಂಗಡಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ತಟ್ಟೆಯಲ್ಲಿ ಹೋಳಿಗೆ. ಅಧಿಕಾರಿಗಳು ಹಾಜರಿ ನೋಡಿದರು, ಅಕ್ಕಿಯ ಲೆಕ್ಕ ನೋಡಿದರು, ಗೋಡೆಯ ಸುಣ್ಣ ನೋಡಿದರು. ಅಲ್ಲಿ ಬಾಳುವ ಒಬ್ಬನನ್ನೂ ‘ಊಟ ಆಯ್ತೇನಪ್ಪಾ?’ ಎಂದು ಕೇಳಲಿಲ್ಲ. ತಾಯಿ ಮಾತ್ರ ಮಗನ ಅಂಗಿ ಎತ್ತಿ ಬೆನ್ನು ನೋಡಿದಳು. ಗಾಯವೇನೂ ಇರಲಿಲ್ಲ. ಆದರೆ ಎಲ್ಲಿ ನೋಡಬೇಕೆಂಬುದು ಅವಳಿಗೆ ಗೊತ್ತಿತ್ತು. ಅಂದು ನಡೆದ ನಿಜವಾದ ತಪಾಸಣೆ ಅದೊಂದೇ.

ನಾನೂ ಸಾಚಾ ಅಲ್ಲ. ಮಾಸ್ತರಿಕೆ ಮಾಡುತ್ತಿದ್ದಾಗ, ಮೇಲಿನವರು ಬರುವ ಹಿಂದಿನ ದಿನ, ಅಕ್ಷರ ಹತ್ತದ ಹುಡುಗನೊಬ್ಬನಿಗೆ ‘ನಾಳೆ ಬರಬೇಡ’ ಎಂದವನು ನಾನೇ. ತರಗತಿ ಚೆನ್ನಾಗಿದೆಯೆಂದು ಬರೆದು ಹೋದರು. ಹುಡುಗ ಮತ್ತೆ ಶಾಲೆಗೆ ಬರಲಿಲ್ಲ.

ಕಾನೂನಿಲ್ಲವೆಂದು ಯಾರೂ ಹೇಳದಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ನೋಂದಣಿಯಿಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ. ತನ್ನ ವಶದಲ್ಲಿರುವ ಅಂಗವಿಕಲನಿಗೆ ಬೇಕೆಂದೇ ಅನ್ನ ನೀರು ತಪ್ಪಿಸಿದವನಿಗೆ 92ನೆಯ ಕಲಮಿನಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಸೆರೆ. ಆದರೆ 54ನೆಯ ಕಲಮು ಓದಿರಿ: ಸರ್ಕಾರವೇ ನಡೆಸುವ ಸಂಸ್ಥೆಗೆ ಈ ನೋಂದಣಿಯ ಅಧ್ಯಾಯ ಅನ್ವಯಿಸುವುದೇ ಇಲ್ಲ! ವರ್ತಕನ ತೂಕದ ಕಲ್ಲಿಗೆ ಮುದ್ರೆ ಬೇಕು, ಸರ್ಕಾರದ ಕಲ್ಲಿಗೆ ಬೇಡ. ಇದೆಲ್ಲಿಯ ನ್ಯಾಯ?

ಸರ್ಕಾರದ ಮನೆಯೆಂದ ಮಾತ್ರಕ್ಕೆ ಜೀವಕ್ಕೆ ಭದ್ರತೆಯಿದೆಯೆ? ದೆಹಲಿ ಸರ್ಕಾರ ನಡೆಸುವ ‘ಆಶಾ ಕಿರಣ’ದಲ್ಲಿ 2024ರ ಜುಲೈ ಒಂದೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಯ ನೀರು ಪರೀಕ್ಷಿಸಿರೆಂದು ಹೈಕೋರ್ಟೇ ಹೇಳಬೇಕಾಯಿತು. ಖಾಸಗಿಯಾದರೆ ಭದ್ರವೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿದಿಟ್ಟಿದ್ದ ಖಾಸಗಿ ಆಶ್ರಮಕ್ಕೆ ಬೆಂಕಿ ಬಿದ್ದು 28 ಜೀವಗಳು ಬೆಂದುಹೋದವು. ಬೋರ್ಡು ಯಾರದಾದರೇನು, ಒಳಗೆ ನೋಡುವ ಕಣ್ಣು ಬೇಕು.

ಕೆಲವರು ಆಯಾಳ ಮೇಲೆ ಹರಿಹಾಯುತ್ತಾರೆ. ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿಗೆ ಎಷ್ಟು ಕೈ, ಆ ಕೈಗೆ ಸಂಬಳವೆಷ್ಟು ಎಂದು ಮೊದಲು ಕೇಳಿರಿ. ಅವಳೂ ನಮ್ಮಂತೆ ದುಡಿದು ತಿನ್ನುವವಳೇ.

ನಮ್ಮ ಬೇಡಿಕೆ ಇಷ್ಟು. ಬೀದರ, ಭಾಲ್ಕಿ, ಔರಾದ, ಯಾವ ತಾಲ್ಲೂಕೇ ಇರಲಿ, ತಪಾಸಣೆ ಹೇಳದೆ ಬರಲಿ. ಊಟದ ಹೊತ್ತಿಗೆ ಬರಲಿ, ನಡುರಾತ್ರಿಯೂ ಬರಲಿ. ತಂಡದಲ್ಲಿ ತಂದೆತಾಯಿಗಳಿರಲಿ, ಸನ್ನೆ ಬಲ್ಲವರಿರಲಿ. ಅಲ್ಲಿ ವಾಸಿಸುವವರನ್ನು ಮೇಲ್ವಿಚಾರಕರಿಲ್ಲದಾಗ ಮಾತನಾಡಿಸಲಿ. ಕಂಡದ್ದನ್ನು ಕನ್ನಡ, ಮರಾಠಿ, ಉರ್ದುವಿನಲ್ಲಿ ಬರೆದು ಗೇಟಿಗೆ ಅಂಟಿಸಲಿ. ಸರ್ಕಾರಿ ಮನೆಗೂ ಇದೇ ಕಟ್ಟಳೆಯಿರಲಿ.

ಗಾಂಧಿಗಂಜಿನ ವರ್ತಕ ಬಂಧುಗಳೇ, ಮಕ್ಕಳ ಹುಟ್ಟುಹಬ್ಬಕ್ಕೆ ಅಕ್ಕಿ, ಬಾಳೆಹಣ್ಣು ಕಳಿಸುತ್ತೀರಿ; ಒಳ್ಳೆಯದೇ. ಇನ್ನು ಮೇಲೆ ಅಕ್ಕಿಯ ಹಿಂದೆ ನೀವೂ ಹೋಗಿರಿ, ನೆಂಟರ ಹಾಗೆ ಕೂತು ಉಂಡು ಬನ್ನಿರಿ. ಕಾರ್ಮಿಕ ಬಂಧುಗಳೇ, ಮಾತು ಬಾರದ ಮಗುವನ್ನು ಒಳಗಿಟ್ಟು ಬೀಗ ಹಾಕಿ ಪಾಳಿಗೆ ಹೊರಡುವ ಮನೆ ನಮ್ಮಲ್ಲೂ ಇದೆ. ‘ನಾವು ಸತ್ತ ಮೇಲೆ ಇವನಿಗೆ ಯಾರು?’ ಎಂಬ ಪ್ರಶ್ನೆಯನ್ನು ಇನ್ನು ಸಂಘದ ಸಭೆಯಲ್ಲಿ ಎತ್ತಿರಿ.

2019ರಲ್ಲಿ ಈ ಸೀಮೆಗೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟರು. ದಾಸೋಹದ ನಾಡೆಂದು ಭಾಷಣವೂ ಆಗುತ್ತದೆ. ಆಗಲಿ. ದಾಸೋಹವಾದರೆ ಅನ್ನ ದಿನವೂ ಒಂದೇ ಆಗಿರಬೇಕು. ಸಾಹೇಬರು ಬರುವ ದಿನ ಹೋಳಿಗೆ ಬಡಿಸುವ ಮನೆಯಲ್ಲಿ ಮರುದಿನ ಏನು ಬಡಿಸಿದರು? ಅದನ್ನು ನೋಡಿ ಬರುವವನೇ ನಿಜವಾದ ಇನ್ಸ್‌ಪೆಕ್ಟರ್.