ಮನೆ ಒಡೆಯುವುದು ಏಟು, ದೂರಲ್ಲ

‘ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರಗಳು ಸಂಸಾರ ಒಡೆಯುತ್ತಿವೆ, ಗಂಡ–ಹೆಂಡಿರ ಜಗಳ ಹಿರಿಯರಿಗೆ ಬಿಡಿ’ ಎಂಬ ವಾದವನ್ನು ಲೇಖನವೊಂದರಲ್ಲಿ ಓದಿದೆ. ಹಿರಿಯರ ನ್ಯಾಯ ಗೊತ್ತಿರುವುದೇ. ಜಗುಲಿಯಲ್ಲಿ ಐದಾರು ಗಂಡಸರು, ಒಂದು ಸುತ್ತು ಕಾಫಿ, ಕೊನೆಗೆ ‘ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ’. ಕೈಯೆತ್ತಿದವನಿಗೆ ಒಂದು ಮಾತೂ ಇಲ್ಲ.

ಆ ಲೇಖಕರು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಓದಿದಂತಿಲ್ಲ. ಅದು ವಿಚ್ಛೇದನ ಕೊಡಿಸುವುದಿಲ್ಲ. ಹೊಡೆಯಬೇಡ, ಮನೆಯಿಂದ ಹೊರಹಾಕಬೇಡ, ಖರ್ಚಿಗೆ ಕೊಡು ಎಂಬ ಆದೇಶ ಕೊಡಿಸುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ ಮಹಿಳೆಯರ ಪ್ರಮಾಣ ನಾಲ್ಕನೇ ಸುತ್ತಿನಲ್ಲಿ ಸುಮಾರು ಶೇ 20, ಐದನೆಯದರಲ್ಲಿ ಶೇ 44. ಇಷ್ಟು ಏಟು ಬಿದ್ದಿದ್ದು ಸಾಂತ್ವನ ಕೇಂದ್ರದ ಆಪ್ತಸಮಾಲೋಚಕಿಯರಿಂದಲೇ? ನಿಜವಾದ ಕೊರತೆ ಬೇರೆ: ಅಂಗನವಾಡಿಗಳ ಹೊಣೆ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿಡಿಪಿಒ) ನಮ್ಮಲ್ಲಿ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳೂ ಹೌದು. ಅದರ ಬಗ್ಗೆ ಲೇಖಕರು ಬರೆಯಬಹುದಿತ್ತು.

ಶಾಲೆಯಲ್ಲಿ ಗಂಡು–ಹೆಣ್ಣು ಸಮಾನರೆಂಬ ಪಾಠವೂ ಬೇಡವಂತೆ, ಹುಡುಗರ ತಲೆ ಕೆಡುತ್ತದಂತೆ. ‘ಹೆಣ್ಣಿನ ಹಾಗೆ ಅಳಬೇಡ’ ಎಂದು ಐದನೇ ವಯಸ್ಸಿಗೇ ಪಾಠ ಶುರುವಾಗಿದೆಯಲ್ಲ, ಸ್ವಾಮಿ! ಎಂಟನೇ ತರಗತಿಯಲ್ಲಿ ಮೇಷ್ಟ್ರು ಅದನ್ನು ತಿದ್ದಿದರೆ ಕೆಡುವುದೇನು?

ಪಕ್ಕದ ಮನೆಯಲ್ಲಿ ಕೂಗು ಕೇಳಿದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಒಳ್ಳೆಯ ಉದ್ದೇಶದಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟವರ ಮೇಲೆ ಯಾವ ಕೇಸೂ ಬೀಳದಂತೆ ಅದೇ 2005ರ ಕಾಯ್ದೆಯ 4ನೇ ಕಲಂ ರಕ್ಷಣೆ ಕೊಟ್ಟಿದೆ.